ಮನೆಯಲ್ಲಿ ಇಬ್ಬರು ಅಪ್ಪಂದಿರು, ದಾಖಲೆಯಲ್ಲಿ ಒಬ್ಬರೇ: ಮಗ, ಶಾಲೆ, ಆಸ್ಪತ್ರೆ, ಹಕ್ಕು

ಮಲೆನಾಡ ಅಪ್ಪ:

ಎಲ್ಲರಿಗೂ ನಮಸ್ಕಾರ. ಮಕ್ಕಳ ಊಟ, ಜ್ವರ, ಶಾಲೆ ಸೀಟು, ಮಗ್ಗಿ ಬಾಯಿಪಾಠ ಅಂತ ಇಲ್ಲಿ ಬಹಳ ಮಾತಾಡಿದ್ದೇವೆ. ಈ ಸಲ ನಮ್ಮ ಮನೆಯ ಬಗ್ಗೆಯೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಗೇ. ಊರು ತೀರ್ಥಹಳ್ಳಿ ಕಡೆ. ನನ್ನ ಸಂಗಾತಿ ಧಾರವಾಡದವನು. ಬೆಂಗಳೂರಿನಲ್ಲಿ ಒಟ್ಟಿಗೆ ಇದ್ದೇವೆ. ಒಬ್ಬ ಮಗ, ನಾಲ್ಕನೇ ಕ್ಲಾಸು. ಅವನಿಗೆ ನಾನು ಅಪ್ಪ, ನನ್ನ ಸಂಗಾತಿ ಪಪ್ಪ. ನನ್ನ ಅಮ್ಮ ವರ್ಷದಲ್ಲಿ ಅರ್ಧ ನಮ್ಮ ಜೊತೆ ಇರುತ್ತಾರೆ, ಉಳಿದರ್ಧ ಊರಿನಲ್ಲಿ.

ಬೆಳಿಗ್ಗೆ ಎಲ್ಲರ ಮನೆಯ ಗಡಿಬಿಡಿಯೇ ನಮ್ಮದೂ. ಪಪ್ಪ ಡಬ್ಬಿ ಕಟ್ಟುತ್ತಾನೆ. ನಾನು ಮಗನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಕಾಣೆಯಾದ ಸಾಕ್ಸ್ ಹುಡುಕಿ ವ್ಯಾನ್ ಹತ್ತಿಸುತ್ತೇನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಕಿದ ದಿನ ಡಬ್ಬಿ ಖಾಲಿಯಾಗಿ ಬರುತ್ತದೆ. ಗಣಿತ ಪಪ್ಪನ ಪಾಲು, ಕನ್ನಡ ನನ್ನ ಪಾಲು. ಒತ್ತಕ್ಷರ ತಪ್ಪಿದರೆ ಅಪ್ಪ ಜಾಸ್ತಿ ಗದರುತ್ತಾನೆ ಅಂತ ಅಜ್ಜಿಗೆ ದೂರು ಹೋಗುತ್ತದೆ. ಚೌತಿಗೆ ನಮ್ಮೂರು, ದಸರಾ ರಜೆಗೆ ಧಾರವಾಡ. ರಾತ್ರಿ ಕಥೆ ಇಲ್ಲದೆ ಮಲಗುವುದಿಲ್ಲ, ಅದರಲ್ಲಿ ಪಪ್ಪನ ಕೈಯೇ ಮೇಲು.

ಮಗ ಬಂದದ್ದು ದತ್ತು ಮೂಲಕ. ಕೇಂದ್ರದ ದತ್ತು ಪ್ರಾಧಿಕಾರ ಕಾರಾದ ಪೋರ್ಟಲ್‌ನಲ್ಲಿ 2016ರಲ್ಲಿ ಹೆಸರು ನೋಂದಾಯಿಸಿದೆ, ಮದುವೆಯಾಗದ ಗಂಡಸು ಅಂತ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಒಬ್ಬನೇ ಇರುವ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ, ಅಷ್ಟೇ. ಆಗ ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿದ್ದೆವು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಇನ್ನೂ ಚಾಲ್ತಿಯಲ್ಲಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತ್ತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೂರಿಸಿತ್ತು. ಅಪ್ಪನಾಗಲು ಅರ್ಜಿ ಹಾಕಿದ ಮನುಷ್ಯ ಪ್ರೀತಿಸಿದ ಕಾರಣಕ್ಕೆ ಅದೇ ದೇಶದಲ್ಲಿ ಅಪರಾಧಿಯಾಗಿದ್ದ. 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಮೂರ್ತಿಗಳು ಆ ಭಾರ ಇಳಿಸಿದರು. ಮರುವರ್ಷ ಮಗ ಬಂದ, ಎರಡೂವರೆ ವರ್ಷದ ಕೂಸು. ಸಮಾಜ ಕಾರ್ಯಕರ್ತೆ ಮನೆಗೆ ಬಂದು ನೋಡಿದರು, ಕೋರ್ಟಿನಿಂದ ಆದೇಶ ಆಯಿತು. 2020ರಲ್ಲಿ ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ ನನ್ನ ಸಂಗಾತಿ ನಮ್ಮ ಮನೆಗೇ ಬಂದ. ಮಗ ಅವನನ್ನು ಪಪ್ಪ ಅಂದದ್ದು ಯಾರೂ ಹೇಳಿಕೊಟ್ಟಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಾನು ಆಫೀಸ್ ಕೆಲಸಕ್ಕೆ ಪುಣೆಗೆ ಹೋಗಿದ್ದೆ. ಮಗನಿಗೆ ರಾತ್ರಿ ಜೋರು ಹೊಟ್ಟೆನೋವು. ಪಪ್ಪ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಪೆಂಡಿಕ್ಸ್, ಆಪರೇಷನ್ ಆಗಬೇಕು ಅಂದರು. ಸಹಿಗೆ ಬಂದಾಗ, ನೀವು ಮಗುವಿಗೆ ಏನಾಗಬೇಕು ಅಂತ ಕೇಳಿದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಾಗಾದರೆ ನಿಮ್ಮ ಸಹಿ ನಡೆಯಲ್ಲ ಅಂದರು. ನಾನು ಪುಣೆಯ ಹೋಟೆಲಿನಲ್ಲಿ ಕಾಗದದ ಮೇಲೆ ಬರೆದು, ಫೋಟೋ ತೆಗೆದು, ಆಧಾರ್ ಜೊತೆ ಕಳಿಸಿ, ಫೋನಿನಲ್ಲಿ ಡಾಕ್ಟರ್ ಜೊತೆ ಮಾತಾಡಿದ ಮೇಲೆ ಕೆಲಸ ಮುಂದೆ ಹೋಯಿತು. ಮಗ ಹುಷಾರಾದ. ಡಾಕ್ಟರ್ ಒಳ್ಳೆಯವರೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೊತ್ತಲ್ಲಿ ಮಗನ ತಲೆ ಸವರುತ್ತಾ ಕೂತವನಿಗೆ, ಅವನ ರಕ್ತದ ಗುಂಪು, ಅಲರ್ಜಿ, ಹಾಕಿಸಿದ ಪ್ರತಿ ಲಸಿಕೆ ಗೊತ್ತಿದ್ದವನಿಗೆ, ಒಂದು ಸಹಿ ಹಾಕುವ ಯೋಗ್ಯತೆ ಇಲ್ಲ ಅಂತ ಕಾನೂನು ಹೇಳಿತಲ್ಲ, ಅದನ್ನು ಬದಲಾಯಿಸಬೇಕು.

ಆವತ್ತಿನಿಂದ ಎಲ್ಲಿ ಅವಕಾಶ ಸಿಕ್ಕರೂ ಮಾತಾಡುತ್ತಿದ್ದೇನೆ. ಅಪಾರ್ಟ್‌ಮೆಂಟ್ ಸಭೆಯಲ್ಲಿ, ಆಫೀಸಿನಲ್ಲಿ, ಕಾಲೇಜುಗಳಲ್ಲಿ ಕರೆದರೆ ಅಲ್ಲಿ. ನಮ್ಮಂಥ ಮನೆಗಳು ಇಲ್ಲಿ ಇನ್ನೂ ಇವೆಯಾ? ಕಾಗದಪತ್ರ ಹೇಗೆ ಮಾಡಿಕೊಂಡಿದ್ದೀರಿ? ಬೇರೆಯವರೂ ಏನು ಬೇಕಾದರೂ ಕೇಳಿ, ಉತ್ತರ ಕೊಡುತ್ತೇನೆ.

ಗಿರಿನಗರದ ಟೀಚರ್:

ಬರೆದದ್ದು ಒಳ್ಳೆಯದಾಯಿತು ಸರ್. ನಾನು ಪ್ರೈಮರಿ ಟೀಚರ್. ಒಂದು ವಿಷಯ ಹೇಳಬೇಕು. ಸಣ್ಣ ತರಗತಿಗಳಲ್ಲಿ 'ನನ್ನ ಕುಟುಂಬ' ಪಾಠ ಬರುತ್ತದೆ, ಚಾರ್ಟ್ ಮಾಡಿಸುತ್ತೇವೆ. ನಮ್ಮ ಕ್ಲಾಸಿನಲ್ಲಿ ಅಜ್ಜಿ ಮನೆಯಲ್ಲಿ ಬೆಳೆಯುವ ಮಕ್ಕಳಿದ್ದಾರೆ, ಅಮ್ಮ ಒಬ್ಬರೇ ಸಾಕುವ ಮಕ್ಕಳಿದ್ದಾರೆ, ಅಪ್ಪ ದುಬೈಯಲ್ಲಿದ್ದು ಚಿಕ್ಕಪ್ಪನ ಮನೆಯಲ್ಲಿ ಇರುವ ಹುಡುಗ ಇದ್ದಾನೆ. ಅದಕ್ಕೆ ನಾನು 'ನಿಮ್ಮ ಮನೆಯಲ್ಲಿ ಯಾರ್ಯಾರು ಇದ್ದಾರೆ, ಅವರು ನಿಮಗಾಗಿ ಏನು ಮಾಡುತ್ತಾರೆ' ಅಂತ ಬರೆಯಿಸುತ್ತೇನೆ. ಒಂದು ಮಗುವೂ ಖಾಲಿ ಚೌಕ ಬಿಡುವುದಿಲ್ಲ. ಆದರೆ ಪ್ರವೇಶದ ಅರ್ಜಿಯಲ್ಲಿ ತಂದೆ, ತಾಯಿ ಅಂತ ಎರಡೇ ಸಾಲು. ನಿಮ್ಮ ಮಗನ ಶಾಲೆಯಲ್ಲಿ ಹೇಗೆ ತುಂಬಿಸಿದಿರಿ?

ಮಲೆನಾಡ ಅಪ್ಪ:

ಟೀಚರ್, ತಂದೆ ಜಾಗದಲ್ಲಿ ನನ್ನ ಹೆಸರು. ತಾಯಿ ಜಾಗ ಹಾಗೇ ಬಿಟ್ಟೆ, ದತ್ತು ಆದೇಶದ ಪ್ರತಿ ಲಗತ್ತಿಸಿದೆ. ಪಪ್ಪನ ಹೆಸರು ಮಗುವನ್ನು ಕರೆದುಕೊಂಡು ಹೋಗುವವರ ಪಟ್ಟಿಯಲ್ಲಿ ಇದೆ, ವ್ಯಾನ್ ಡ್ರೈವರ್ ನಂಬರ್ ಇರುವ ಅದೇ ಪಟ್ಟಿ. ಪೋಷಕರ ಸಭೆಗೆ ಇಬ್ಬರೂ ಹೋಗುತ್ತೇವೆ. ಮುಖ್ಯೋಪಾಧ್ಯಾಯಿನಿಗೆ ಮೊದಲ ದಿನವೇ ಎಲ್ಲ ಹೇಳಿದ್ದೆವು. ಅವರು ಕೇಳಿದ್ದು ಒಂದೇ, ಮಗ ಯಾರನ್ನು ಏನೆಂದು ಕರೆಯುತ್ತಾನೆ, ನಾವೂ ಹಾಗೇ ಕರೆಯಬೇಕಲ್ಲ ಅಂತ. ಅಂಥ ಪ್ರಶ್ನೆ ಕೇಳುವ ಒಬ್ಬರು ಪ್ರತಿ ಶಾಲೆಯಲ್ಲೂ ಇದ್ದರೆ ಎಷ್ಟೋ ಮಕ್ಕಳಿಗೆ ನೆಮ್ಮದಿ.

ಪಾಸ್‌ಪೋರ್ಟ್ ಸುಲಭವಾಗಿ ಆಯಿತು. 2016ರ ಕೊನೆಗೆ ನಿಯಮ ಬದಲಾಗಿ, ಅಪ್ಪ ಅಥವಾ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಅಂತ ಆಗಿದೆ. ಸಿಂಗಲ್ ತಾಯಂದಿರು ವರ್ಷಗಟ್ಟಲೆ ಜಗಳವಾಡಿ ಗಳಿಸಿದ ಅನುಕೂಲ ಅದು. ಅದರ ಫಲ ನಮಗೂ ಸಿಕ್ಕಿದೆ, ಅವರಿಗೆ ನಾವು ಋಣಿ.

ಬಯಲುಸೀಮೆ ಓದುಗ:

ಸರ್, ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಲ್ಲಿ ಇದ್ದದ್ದು ಕೇಳುತ್ತೇನೆ. ನಿಮ್ಮ ಜೀವನ ನಿಮ್ಮದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಗುವಿಗೆ ತಾಯಿ ಬೇಡವಾ? ಎಷ್ಟೇ ಪ್ರೀತಿ ಕೊಟ್ಟರೂ ತಾಯಿ ತಾಯಿಯೇ ಅಲ್ವಾ? ನಾಳೆ ಶಾಲೆಯಲ್ಲಿ ಹುಡುಗರು ಆಡಿಕೊಂಡರೆ ಪಾಪ ಆ ಮಗು ಏನು ಮಾಡಬೇಕು? ನಿಮ್ಮ ಹಕ್ಕಿಗಿಂತ ಮಗುವಿನ ಹಿತ ದೊಡ್ಡದು ಅಂತ ನನ್ನ ಅಭಿಪ್ರಾಯ.

ಮಲೆನಾಡ ಅಪ್ಪ:

ಬೇಜಾರಿಲ್ಲ. ನೇರವಾಗಿ ಕೇಳಿದಿರಿ, ನೇರವಾಗಿ ಹೇಳುತ್ತೇನೆ.

ನನ್ನ ಮಗನಿಗೆ ಹೆತ್ತ ತಾಯಿ ಇದ್ದಾಳೆ. ಯಾವ ಕಷ್ಟಕ್ಕೆ ಮಗುವನ್ನು ಬಿಟ್ಟಳೋ ನನಗೆ ಗೊತ್ತಿಲ್ಲ. ಅವಳ ಬಗ್ಗೆ ಅವನ ಹತ್ತಿರ ಮಾತಾಡುತ್ತೇವೆ, ಅವಳ ಮೇಲೆ ಗೌರವ ಇಟ್ಟೇ ಮಾತಾಡುತ್ತೇವೆ. ದತ್ತು ಅಂತ ಅವನಿಗೆ ಮೊದಲಿನಿಂದ ಗೊತ್ತು. ನಾವು ಅವನನ್ನು ಯಾವ ತಾಯಿಯ ಮಡಿಲಿನಿಂದಲೂ ಕಿತ್ತುಕೊಂಡಿಲ್ಲ. ಅವನು ದತ್ತು ಕೇಂದ್ರದ ತೊಟ್ಟಿಲಿನಲ್ಲಿದ್ದ.

ಹೆಣ್ಣಿನ ಆಸರೆ ಇಲ್ಲ ಅಂತಲೂ ಇಲ್ಲ. ನನ್ನ ಅಮ್ಮ ಇದ್ದಾರೆ, ಧಾರವಾಡದ ಅಜ್ಜಿ ಇದ್ದಾರೆ, ನನ್ನ ಅಕ್ಕ ಇದ್ದಾಳೆ. ನಮ್ಮ ಊರಲ್ಲಿ ತಾಯಿ ತೀರಿಕೊಂಡ ಮಕ್ಕಳನ್ನು ಸೋದರಮಾವಂದಿರು, ಅಜ್ಜಂದಿರು ಸಾಕಿ ದೊಡ್ಡ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಗ ಯಾರೂ ಅವರಿಗೆ ಸಹಿ ಹಾಕಬೇಡ ಅನ್ನಲಿಲ್ಲ.

ಆಡಿಕೊಳ್ಳುವ ಮಾತಿಗೆ ಬಂದರೆ, ಒಮ್ಮೆ ಒಬ್ಬ ಹುಡುಗ 'ನಿನ್ನ ಅಮ್ಮ ಎಲ್ಲಿ' ಅಂತ ಕೇಳಿದನಂತೆ. ನಮ್ಮವನು 'ನಂಗೆ ಅಪ್ಪ, ಪಪ್ಪ, ಇಬ್ಬರು ಅಜ್ಜಿ. ನಮ್ಮನೆ ನಾಯಿ ನೋಡಕ್ಕೆ ಬರ್ತೀಯಾ' ಅಂದನಂತೆ. ಆ ಹುಡುಗ ಮುಂದಿನ ಭಾನುವಾರವೇ ಬಂದ. ಎಲ್ಲ ದಿನವೂ ಇಷ್ಟು ಸಲೀಸಲ್ಲ, ಅತ್ತುಕೊಂಡು ಬಂದ ದಿನವೂ ಇದೆ. ಆಗ ಇಬ್ಬರೂ ಕೂತು ಕೇಳುತ್ತೇವೆ, ಟೀಚರ್ ಜೊತೆ ಮಾತಾಡುತ್ತೇವೆ. ದಪ್ಪ ಇರುವ ಮಗು, ಕಪ್ಪು ಇರುವ ಮಗು, ಬಡವರ ಮನೆ ಮಗು, ಯಾರನ್ನು ಆಡಿಕೊಂಡಿಲ್ಲ ಹೇಳಿ? ಆಡಿಕೊಳ್ಳುವವರನ್ನು ತಿದ್ದಬೇಕು ಹೊರತು, ಆ ಮಕ್ಕಳು ಹುಟ್ಟಬಾರದಿತ್ತು ಅನ್ನುತ್ತೇವಾ?

ಮಗುವಿನ ಹಿತ ದೊಡ್ಡದು ಅಂದಿರಿ. ನಾನು ಕೇಳುತ್ತಿರುವುದು ಅದನ್ನೇ. ನಾಳೆ ನನಗೆ ಏನಾದರೂ ಆದರೆ ಅವನು ಇರುವ ಮನೆಯಲ್ಲಿ, ಅವನ ಪಪ್ಪನ ಜೊತೆಯೇ ಇರಬೇಕು. ಇವತ್ತಿನ ಕಾನೂನಿನಲ್ಲಿ ಆ ಭರವಸೆ ಅವನಿಗೆ ಇಲ್ಲ.

ಮಕ್ಕಳ ಡಾಕ್ಟರ್, ಮೈಸೂರು:

ಎರಡು ಮಾತು. ಮೊದಲನೆಯದು, ಬಯಲುಸೀಮೆ ಓದುಗರ ಪ್ರಶ್ನೆಗೆ. ಇದನ್ನು ಹಲವು ದೇಶಗಳಲ್ಲಿ ದಶಕಗಳಿಂದ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಸಲಿಂಗಿ ಪೋಷಕರ ಮದುವೆ, ದತ್ತು ಹಕ್ಕುಗಳಿಗೆ ಬಹಿರಂಗವಾಗಿ ಬೆಂಬಲ ಕೊಟ್ಟಿತು. ಮಗು ಚೆನ್ನಾಗಿ ಬೆಳೆಯುವುದು ಪೋಷಕರ ಜೊತೆಗಿನ ನಂಟು, ಮನೆಯ ಸ್ಥಿರತೆ, ಸುತ್ತಲಿನ ಬೆಂಬಲದಿಂದ. ಪೋಷಕರು ಗಂಡೋ ಹೆಣ್ಣೋ ಅನ್ನುವುದರಿಂದ ಅಲ್ಲ. ನಮ್ಮಲ್ಲೂ ಭಾರತೀಯ ಮನೋವೈದ್ಯರ ಸಂಘ 2023ರ ಏಪ್ರಿಲ್‌ನಲ್ಲಿ ಮದುವೆ ಮತ್ತು ದತ್ತು ಎರಡರಲ್ಲೂ ಸಮಾನ ಹಕ್ಕು ಬೇಕು ಎಂದಿತು. ಸಲಿಂಗಿಗಳ ಮದುವೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ದೆಹಲಿಯ ಮಕ್ಕಳ ಹಕ್ಕುಗಳ ಆಯೋಗ ಇಂಥ ಮನೆಗಳ ಪರವಾಗಿ ವಾದಿಸಿತು. ರಾಷ್ಟ್ರೀಯ ಆಯೋಗ ವಿರೋಧಿಸಿತು, ಅದೂ ನಿಜ.

ಎರಡನೆಯದು, ಆಪರೇಷನ್ ಸಹಿ. ವೈದ್ಯರ ನಡವಳಿಕೆ ಬಗ್ಗೆ 2002ರ ನಿಯಮಗಳು ಮಗುವಿಗಾದರೆ ಹೆತ್ತವರು ಅಥವಾ ಕಾನೂನುಬದ್ಧ ಪೋಷಕರ (ಗಾರ್ಡಿಯನ್) ಲಿಖಿತ ಒಪ್ಪಿಗೆ ಬೇಕು ಅನ್ನುತ್ತವೆ. ಅದಕ್ಕೇ ನಮ್ಮವರು ಹಿಂದೇಟು ಹಾಕುವುದು, ನಾಳೆ ಕೇಸು ಬಿದ್ದರೆ ಅಂತ ಭಯ. ಪ್ರಾಣಕ್ಕೆ ಅಪಾಯ ಇದ್ದು, ಒಪ್ಪಿಗೆ ಕೊಡುವವರು ಸಿಗದಿದ್ದರೆ ಸಹಿಗೆ ಕಾಯಬೇಕಿಲ್ಲ, ಕಾನೂನು ವೈದ್ಯರನ್ನು ಕಾಪಾಡುತ್ತದೆ. ಆದರೆ ಅಷ್ಟು ತುರ್ತು ಅಲ್ಲದ, ಒಂದೆರಡು ಗಂಟೆ ಕಾಯಬಹುದಾದ ಸಂದರ್ಭಗಳಲ್ಲೇ ನಿಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು. ಮೊದಲೇ ಒಂದು ಅಧಿಕಾರ ಪತ್ರ ಬರೆದು ಇಟ್ಟಿರಿ. ನೀವು ಸಾಮಾನ್ಯವಾಗಿ ಹೋಗುವ ಆಸ್ಪತ್ರೆಯ ಫೈಲಿನಲ್ಲಿ ಒಂದು ಪ್ರತಿ ಹಾಕಿಸಿ. ಕೈಯಲ್ಲಿ ಕಾಗದ ಇದ್ದರೆ ರಾತ್ರಿ ಡ್ಯೂಟಿಯ ಹುಡುಗ ಡಾಕ್ಟರಿಗೂ ಧೈರ್ಯ ಬರುತ್ತದೆ.

ಕಪ್ಪು ಕೋಟು:

ನಾನು ವಕೀಲೆ, ಕುಟುಂಬ ಪ್ರಕರಣಗಳೇ ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನಿಮ್ಮ ಸಂಗಾತಿ ಮಗುವನ್ನು ದತ್ತು ತೆಗೆದುಕೊಳ್ಳುವ ಹಾಗಿಲ್ಲ. 2022ರ ದತ್ತು ನಿಯಮಗಳ 5(3) ಪ್ರಕಾರ ಜೋಡಿಯಾಗಿ ದತ್ತು ಪಡೆಯಲು ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ದಾಂಪತ್ಯ ಅಂದರೆ ಕಾನೂನು ಒಪ್ಪಿದ ಮದುವೆ. ಮಲತಂದೆ, ಮಲತಾಯಿಗೆ ರಿಯಾಯಿತಿ ಇದೆ, ಆದರೆ ಅದಕ್ಕೂ ಮದುವೆಯೇ ಆಧಾರ. ಅದೇ ವರ್ಷ ಜೂನ್‌ನಲ್ಲಿ ಕಾರಾ ಇನ್ನೊಂದು ಸುತ್ತೋಲೆ ಹೊರಡಿಸಿತು: ಸಂಗಾತಿಯ ಜೊತೆ ಲಿವ್-ಇನ್ ಇರುವವರು ಸಿಂಗಲ್ ಅಂತ ಅರ್ಜಿ ಹಾಕಿದರೆ ಪರಿಗಣಿಸುವುದಿಲ್ಲ ಅಂತ. ಅಂದರೆ ಒಬ್ಬಂಟಿಯಾಗಿದ್ದರೆ ಅಪ್ಪನಾಗಬಹುದು, ಪ್ರೀತಿಸುವವರ ಜೊತೆ ನೆಲೆ ನಿಂತರೆ ಆಗುವಂತಿಲ್ಲ. ಮಗುವಿಗೆ ಇನ್ನೊಂದು ಜೊತೆ ಕೈ ಸಿಗುವುದನ್ನೇ ಅಡ್ಡಿ ಮಾಡಿದ ಹಾಗೆ.

ಸಲಿಂಗಿಗಳ ಮದುವೆ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2023ರ ಅಕ್ಟೋಬರ್ 17ರ ಸುಪ್ರೀಯೋ ತೀರ್ಪು ನಿಮಗೆ ಗೊತ್ತೇ ಇದೆ. ಮದುವೆ ಮೂಲಭೂತ ಹಕ್ಕಲ್ಲ ಅನ್ನುವುದರಲ್ಲಿ ಐವರೂ ಒಂದೇ ಮಾತು. ದತ್ತು ವಿಷಯದಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ 5(3) ನಿಲ್ಲುವುದಿಲ್ಲ ಅಂದರು. ಬಹುಮತ ಅದನ್ನು ಉಳಿಸಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು. ಆದ್ದರಿಂದ ಈಗ ಬಾಗಿಲು ಇರುವುದು ಸಂಸತ್ತಿನ ಕಡೆ. ಮಾತಾಡುವ ಅಪ್ಪ ಅಮ್ಮಂದಿರು ಬೇಕು ಅನ್ನುವುದು ಇದಕ್ಕೇ.

ಸದ್ಯಕ್ಕೆ ಕೈಯಲ್ಲಿರುವುದು ಇಷ್ಟು. ನೀವು ಹಿಂದೂ ಆಗಿದ್ದರೆ 1956ರ ಅಪ್ರಾಪ್ತರ ಪೋಷಕತ್ವ ಕಾಯ್ದೆ ಪ್ರಕಾರ ಅಪ್ಪ ವಿಲ್ ಮೂಲಕ ತನ್ನ ನಂತರ ಮಗುವಿಗೆ ಪೋಷಕರು (ಗಾರ್ಡಿಯನ್) ಯಾರು ಅಂತ ಹೇಳಬಹುದು. ದತ್ತು ಮಗನಿಗೂ ಇದು ಅನ್ವಯ. ಸಂಗಾತಿಯ ಹೆಸರು ಸ್ಪಷ್ಟವಾಗಿ ಬರೆಸಿ. ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿ, ಮುಂದೆ ಯಾರಾದರೂ ತಕರಾರು ತೆಗೆದರೆ ಗಟ್ಟಿಯಾಗಿ ನಿಲ್ಲುತ್ತದೆ. ನೀವು ಬದುಕಿರುವಾಗಲೇ ಕೋರ್ಟಿಗೆ ಹೋಗಿ ಅವರನ್ನೂ ಪೋಷಕರಾಗಿ ಮಾಡಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. 1890ರ ಕಾಯ್ದೆ ಅಡ್ಡ ಬರುತ್ತದೆ. ಅಪ್ಪ ಅಥವಾ ಅಮ್ಮ ಬದುಕಿದ್ದು, ಅಸಮರ್ಥ ಅಲ್ಲದಿದ್ದರೆ ಕೋರ್ಟ್ ಬೇರೆಯವರನ್ನು ಪೋಷಕರಾಗಿ ನೇಮಿಸುವುದಿಲ್ಲ.

ದುಡ್ಡಿನ ವಿಷಯ ಹಲವರಿಗೆ ಗೊತ್ತಿಲ್ಲ. ಸಂಗಾತಿ ಮಗನಿಗೆ ವರ್ಷಕ್ಕೆ 50,000 ರೂಪಾಯಿ ದಾಟಿ ಉಡುಗೊರೆ ಕೊಟ್ಟರೆ, ಅದು ಸಂಬಂಧಿಕರಲ್ಲದವರು ಕೊಟ್ಟ ಹಣ ಅಂತ ಆದಾಯ ತೆರಿಗೆಗೆ ಬರುತ್ತದೆ. ನಿಮ್ಮಿಬ್ಬರ ನಡುವೆಯೂ ಅಷ್ಟೇ. ಗಂಡ ಹೆಂಡತಿಗೆ ಈ ತೊಂದರೆ ಇಲ್ಲ. ವಿಲ್ ಮೂಲಕ ಬಂದದ್ದಕ್ಕೆ ಈ ತೆರಿಗೆ ಇಲ್ಲ. ಹಾಗಾಗಿ ನಿಮ್ಮ ಸಂಗಾತಿಯೂ ಒಂದು ವಿಲ್ ಬರೆಯಲೇಬೇಕು. ಬರೆಯದಿದ್ದರೆ ಅವರ ಆಸ್ತಿಯಲ್ಲಿ ಮಗನಿಗೆ ಚಿಕ್ಕಾಸೂ ಬರುವುದಿಲ್ಲ.

ಮಲೆನಾಡ ಅಪ್ಪ:

ಮೇಡಂ, ತುಂಬಾ ಉಪಕಾರವಾಯಿತು. ಧಾರವಾಡದ ಸೈಟು ಮಗನಿಗೇ ಅಂತ ಅವನು ಯಾವಾಗಲೂ ಹೇಳುತ್ತಿರುತ್ತಾನೆ. ಬಾಯಿ ಮಾತಿಗೆ ಬೆಲೆ ಇಲ್ಲ ಅಂತ ಈಗ ಗೊತ್ತಾಯಿತು. ಬ್ಯಾಂಕಿನ ಜಂಟಿ ಖಾತೆ ಮಾತ್ರ ನಾವು ತೆರೆದಿದ್ದೇವೆ. 2024ರ ಆಗಸ್ಟ್‌ನಲ್ಲಿ ಹಣಕಾಸು ಇಲಾಖೆ ಇದಕ್ಕೆ ಅಡ್ಡಿ ಇಲ್ಲ, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತ ಸ್ಪಷ್ಟ ಮಾಡಿತ್ತಲ್ಲ. ಆ ಪ್ರತಿ ತೋರಿಸಿದೆ, ಮ್ಯಾನೇಜರ್ ಓದಿ ಫಾರಂ ಕೊಟ್ಟರು.

ಕಪ್ಪು ಕೋಟು:

ಹೌದು. ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರಾಗಿ ಪರಿಗಣಿಸಬೇಕು ಅಂತಲೂ ಅದೇ ವರ್ಷ ಕೇಂದ್ರ ಹೇಳಿದೆ. ಸಂಗಾತಿ ತೀರಿಕೊಂಡಾಗ ಹತ್ತಿರದ ಬಂಧುಗಳು ಸಿಗದಿದ್ದರೆ ದೇಹ ಪಡೆಯುವ ಬಗ್ಗೆ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. 2023ರ ತೀರ್ಪಿನ ನಂತರದ ಸಮಿತಿಯಿಂದ ಬಂದ ಹೆಜ್ಜೆಗಳು ಇವು. ಸಣ್ಣವು, ಆದರೆ ಬಳಸಿಕೊಳ್ಳಿ. ಮಗುವಿನ ಬಗ್ಗೆ ಮಾತ್ರ ಇವುಗಳಲ್ಲಿ ಒಂದು ಸಾಲೂ ಇಲ್ಲ. 2025ರ ಮೇನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿ ಅಲ್ಲ ಅಂತ ಒಪ್ಪಿಕೊಂಡಿತು. ನಮ್ಮ ವಾದಕ್ಕೆ ಇಂಥ ಕಲ್ಲುಗಳೇ ಬೇಕು.

ಮಂಗಳೂರಿನ ಅಮ್ಮ:

ಮಗಾ, ನಾನು ನಿನ್ನ ಅಮ್ಮನ ವಯಸ್ಸಿನವಳು, ಏಕವಚನದಲ್ಲಿ ಕರೆದೆ ಅಂತ ತಿಳಿಯಬೇಡ. ನನ್ನ ಮಗನೂ ಗೇ. ಅವನು ಹೇಳಿದ ದಿನ ನಾನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಮೊಮ್ಮಕ್ಕಳಿಲ್ಲದ ಮನೆ ಆಯಿತಲ್ಲ ಅಂತ. ಈಗ ನಿನ್ನ ಬರಹ ಓದಿ ನಿನ್ನ ಅಮ್ಮನ ಬಗ್ಗೆಯೇ ಯೋಚನೆ. ಅವರು ಒಪ್ಪಿಕೊಳ್ಳಲು ಎಷ್ಟು ಸಮಯ ಬೇಕಾಯಿತು?

ಸ್ವೀಕಾರ್ ಅಂತ ನಮ್ಮಂಥ ಹೆತ್ತವರ ಗುಂಪು ಇದೆ. 2023ರ ಏಪ್ರಿಲ್‌ನಲ್ಲಿ 400ಕ್ಕೂ ಹೆಚ್ಚು ಹೆತ್ತವರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು, ನಾವು ಕಣ್ಣುಮುಚ್ಚುವ ಮೊದಲು ನಮ್ಮ ಮಕ್ಕಳ ಸಂಬಂಧಕ್ಕೆ ಕಾನೂನಿನ ಮುದ್ರೆ ನೋಡಬೇಕು ಅಂತ. ಎಪ್ಪತ್ತು ಎಂಬತ್ತು ವರ್ಷದವರೂ ಇದ್ದಾರೆ ಅದರಲ್ಲಿ. ಮಕ್ಕಳ ಪರವಾಗಿ ತಾಯಿ ಮಾತಾಡಿದರೆ ಊರು ಸ್ವಲ್ಪ ಕಿವಿ ಕೊಡುತ್ತದೆ. ನಿನ್ನ ಅಮ್ಮನಿಗೂ ಹೇಳು, ಮಾತಾಡಲಿ.

ಮಲೆನಾಡ ಅಪ್ಪ:

ಅಮ್ಮಾ, ಹಾಗೆ ಕರೆದದ್ದೇ ಸಂತೋಷ. ನಮ್ಮ ಅಮ್ಮ ನಿಧಾನಕ್ಕೆ ಬಂದರು. ಮೊದಮೊದಲು ನನ್ನ ಸಂಗಾತಿ ಮನೆಗೆ ಬಂದರೆ ಕಾಫಿ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು. ಮಗ ಬಂದ ಮೇಲೆ ಬದಲಾಯಿತು. ಒಂದು ಸಲ ಮಗನಿಗೆ ಜ್ವರ, ನನಗೂ ಜ್ವರ. ಅವನೇ ಇಬ್ಬರಿಗೂ ಗಂಜಿ ಮಾಡಿ, ರಾತ್ರಿ ಎದ್ದು ಎದ್ದು ಹಣೆಗೆ ಒದ್ದೆ ಬಟ್ಟೆ ಹಾಕಿದ. ಅಮ್ಮ ಎಲ್ಲ ನೋಡಿದರು. ಮುಂದಿನ ಚೌತಿಗೆ ಊರಿಂದ ಫೋನ್ ಮಾಡಿ, ಅವನಿಗೂ ಒಂದು ಪಂಚೆ ತಂದಿದ್ದೇನೆ, ಬರಬೇಕು ಅಂದರು. ಊರಲ್ಲಿ ಯಾರಾದರೂ ಕೊಂಕು ಮಾತಾಡಿದರೆ ಈಗ ಉತ್ತರ ಕೊಡುವುದು ನಾನಲ್ಲ, ಅಮ್ಮ.

ಟೊರೊಂಟೊ ಕನ್ನಡತಿ:

ಮೈಸೂರಿನವಳು, ಈಗ ಕೆನಡಾದಲ್ಲಿ. ನನಗೂ ನನ್ನ ಹೆಂಡತಿಗೂ ಒಬ್ಬ ಮಗಳು. ಇಲ್ಲಿ ನಮ್ಮಂಥವರ ಮದುವೆ 2005ರಿಂದ ದೇಶದಾದ್ಯಂತ ಕಾನೂನುಬದ್ಧ. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ 2017ರಿಂದ ಜನನ ನೋಂದಣಿಯಲ್ಲೇ ಇಬ್ಬರು ಅಮ್ಮಂದಿರನ್ನೂ ಪೋಷಕರು ಅಂತ ಬರೆಯುತ್ತಾರೆ, ಅದಕ್ಕಾಗಿ ಕೋರ್ಟಿಗೆ ಹೋಗಬೇಕಿಲ್ಲ. ಮಗಳು ಹುಟ್ಟಿದಾಗ ಫಾರಂನಲ್ಲಿ ಎರಡು ಹೆಸರು ತುಂಬಿದೆವು, ಮುಗಿಯಿತು. ಅದೆಷ್ಟು ದೊಡ್ಡ ನೆಮ್ಮದಿ ಅಂತ ನಿಮ್ಮ ಆಸ್ಪತ್ರೆ ಕಥೆ ಓದಿದಾಗ ಅರಿವಾಯಿತು.

ಆದರೆ ಒಂದು ಮಾತು. ಕಾನೂನು ಬಂದ ಮೇಲೂ ಮನೆಯವರ ಮನಸ್ಸು ತಾನಾಗಿ ಬರುವುದಿಲ್ಲ. ನಮ್ಮಪ್ಪ ಬಹಳ ಕಾಲ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ವೀಡಿಯೊ ಕಾಲ್‌ನಲ್ಲಿ ಮೊಮ್ಮಗಳಿಗೆ ಬಸವಣ್ಣನವರ ವಚನ ಹೇಳಿಕೊಡುತ್ತಾರೆ. ಹೆಂಡತಿ ಪಕ್ಕದಲ್ಲಿ ಕೂತರೆ ಊಟ ಆಯ್ತೇನಮ್ಮ ಅನ್ನುತ್ತಾರೆ. ಎರಡೂ ಕೆಲಸ ಜೊತೆಜೊತೆಗೆ ನಡೆಯಬೇಕು.

ಕಡಲತಡಿ:

ನಾನು ಉಡುಪಿ ಕಡೆಯವಳು, ನನ್ನ ಸಂಗಾತಿಯೂ ಹೆಣ್ಣು. ನಮಗೂ ಮಗು ಬೇಕು ಅನ್ನಿಸುತ್ತಿದೆ. ನಮ್ಮ ದಾರಿ ಯಾವುದು, ವಕೀಲರು ಹೇಳುತ್ತೀರಾ? ಬಾಡಿಗೆ ತಾಯ್ತನ ಆಗುತ್ತದಾ?

ಕಪ್ಪು ಕೋಟು:

ಬಾಡಿಗೆ ತಾಯ್ತನ ಆಗುವುದಿಲ್ಲ. 2021ರ ಕಾಯ್ದೆ ಮದುವೆಯಾದ ಗಂಡ ಹೆಂಡತಿಗೆ, ಹಾಗೆ 35ರಿಂದ 45 ವರ್ಷದ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ. ಆದರೆ ಅದೇ ವರ್ಷದ ಇನ್ನೊಂದು ಕಾಯ್ದೆ, ಐವಿಎಫ್ ಥರದ ಚಿಕಿತ್ಸೆಗೆ ಸಂಬಂಧಿಸಿದ್ದು, 21ರಿಂದ 50ರ ಒಳಗಿನ ಸಿಂಗಲ್ ಹೆಂಗಸಿಗೂ ಅವಕಾಶ ಕೊಡುತ್ತದೆ. ನಿಮ್ಮಲ್ಲಿ ಒಬ್ಬರು ಆ ದಾರಿ ಹಿಡಿಯಬಹುದು. ಹೆತ್ತವರು ಮಾತ್ರ ತಾಯಿ, ಇನ್ನೊಬ್ಬರಿಗೆ ಮಲೆನಾಡ ಅಪ್ಪನ ಸಂಗಾತಿಯದೇ ಪರಿಸ್ಥಿತಿ. ಮಗು ಹುಟ್ಟುವ ಮೊದಲೇ ವಿಲ್, ಅಧಿಕಾರ ಪತ್ರ ಎಲ್ಲ ಸಿದ್ಧ ಮಾಡಿಕೊಳ್ಳಿ. ಮದುವೆಯಾಗದ ಗಂಡಸರಿಗೆ ಈ ಎರಡೂ ಕಾಯ್ದೆಗಳಲ್ಲಿ ದಾರಿಯೇ ಇಲ್ಲ.

ಹೊಸಬ, ರಾಯಚೂರು:

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ವಯಸ್ಸು ಇಪ್ಪತ್ತಾರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೆಣ್ಣು ನೋಡಲು ಶುರು ಮಾಡಿದ್ದಾರೆ. ನನಗೆ ಮಕ್ಕಳೆಂದರೆ ಪ್ರಾಣ. ಮಗು ಬೇಕಾದರೆ ಮದುವೆ ಆಗಲೇಬೇಕು ಅಂತ ಅಂದುಕೊಂಡು ಹೂಂ ಅಂದುಬಿಡೋಣ ಅನ್ನಿಸಿತ್ತು. ಅಣ್ಣಾ, ನಿಮ್ಮದು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಏನು ಮಾಡಲಿ?

ಮಲೆನಾಡ ಅಪ್ಪ:

ತಮ್ಮಾ, ಹೂಂ ಅನ್ನಬೇಡ. ಆ ಹುಡುಗಿಯ ಇಡೀ ಜೀವನ ಅದರಲ್ಲಿದೆ. ಅವಳನ್ನು ಪ್ರೀತಿಸುವ ಗಂಡ ಸಿಗುವ ಹಕ್ಕು ಅವಳಿಗೂ ಇದೆ. ಮನೆಯಲ್ಲಿ ಎಲ್ಲ ಈಗಲೇ ಹೇಳಬೇಕು ಅಂತಿಲ್ಲ. ಓದು, ಕೆಲಸ, ಸಾಲ, ಏನಾದರೂ ಕಾರಣ ಹೇಳಿ ಎರಡು ವರ್ಷ ಮುಂದೂಡು. ನಿನ್ನ ಕಾಲ ಮೇಲೆ ನಿಂತುಕೋ. ಮನಸ್ಸು ತೀರಾ ಭಾರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನಲ್ಲಿ ಸಂಗಮ ಸಂಸ್ಥೆ 1999ರಿಂದ ನಮ್ಮವರ ಜೊತೆ ಕೆಲಸ ಮಾಡುತ್ತಿದೆ. ನನಗೂ ಖಾಸಗಿಯಾಗಿ ಬರಿ, ಯಾವ ಹೊತ್ತಾದರೂ ಸರಿ.

ಮಂಗಳೂರಿನ ಅಮ್ಮ:

ರಾಯಚೂರಿನ ಮಗಾ, ಮನೆಯಲ್ಲಿ ಹೇಳುವ ದಿನ ಬಂದಾಗ ನಿನ್ನ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ತಾಯಿ ತಾಯಿಯ ಹತ್ತಿರ ಮಾತಾಡಿದರೆ ಬೇರೆಯೇ.

ಗಿರಿನಗರದ ಟೀಚರ್:

ಒಂದು ಕುತೂಹಲ ಸರ್. ನಿಮ್ಮ ಸಮುದಾಯದವರು ನಡೆಸುವ ಬೆಂಗಳೂರಿನ ಪ್ರೈಡ್ ಮೆರವಣಿಗೆಗೆ ಮಗನನ್ನು ಕರೆದುಕೊಂಡು ಹೋಗುತ್ತೀರಾ? ಹೋರಾಟದಲ್ಲಿ ಮಕ್ಕಳನ್ನು ಎಷ್ಟು ಸೇರಿಸಬೇಕು ಅನ್ನುವುದು ನನಗೆ ಸದಾ ಕಾಡುವ ಪ್ರಶ್ನೆ.

ಮಲೆನಾಡ ಅಪ್ಪ:

ಒಳ್ಳೆಯ ಪ್ರಶ್ನೆ. 2008ರಿಂದ ಬೆಂಗಳೂರಿನಲ್ಲಿ ಮೆರವಣಿಗೆ ನಡೆಯುತ್ತಿದೆ. ನಾನು ಮೊದಲು ಹೋದಾಗ ಮುಖವಾಡ ಹಾಕಿಕೊಂಡವರು ಬಹಳ ಇದ್ದರು, ನಾನೂ ಹಾಕಿದ್ದೆ. ಈಗ ಟೌನ್ ಹಾಲ್ ಮುಂದೆ ಮುಖ ಬಿಟ್ಟುಕೊಂಡು ನಿಲ್ಲುತ್ತೇನೆ. ಮಗ ಒಮ್ಮೆ ಬಂದ, ತಮಟೆ ಸದ್ದು ಕೇಳಬೇಕು ಅಂತ. ಕುಣಿದ, ಐಸ್‌ಕ್ರೀಂ ತಿಂದ, ಸುಸ್ತಾಗಿ ಪಪ್ಪನ ಹೆಗಲೇರಿದ. ಅದು ಅವನಿಗೆ ಜಾತ್ರೆ.

ನಮ್ಮ ನಿಯಮ ಹೀಗೆ. ಅವನ ಮುಖ, ಹೆಸರು, ಶಾಲೆ ಎಲ್ಲೂ ಹಾಕುವುದಿಲ್ಲ. ಯಾವ ವೇದಿಕೆಗೂ ಅವನನ್ನು ಹತ್ತಿಸುವುದಿಲ್ಲ. ಟೀವಿಯವರು ಕೇಳಿದ್ದರು, ಮಗು ಎರಡು ಮಾತಾಡಲಿ ಅಂತ. ಬೇಡ ಅಂದೆವು. ಇದು ದೊಡ್ಡವರ ಜಗಳ, ದೊಡ್ಡವರೇ ಆಡಬೇಕು. ಅವನು ಬೆಳೆದು ತಾನೇ ಮಾತಾಡುತ್ತೇನೆ ಅಂದರೆ ಅವನಿಷ್ಟ. 2023ರ ತೀರ್ಪು ಬಂದ ಸಂಜೆ ನಾವಿಬ್ಬರೂ ಸಪ್ಪಗಿದ್ದೆವು. ಏನಾಯ್ತು ಅಂತ ಕೇಳಿದ. ದೊಡ್ಡ ಕೋರ್ಟು ನಮ್ಮ ಮಾತು ಪೂರ್ತಿ ಒಪ್ಪಲಿಲ್ಲ, ಮತ್ತೆ ಕೇಳಬೇಕು ಅಂದೆ. ಹಾಗಾದರೆ ಕೇಳಿ ಅಂತ ಹೇಳಿ ಆಡಲು ಓಡಿದ.

ಬಯಲುಸೀಮೆ ಓದುಗ:

ಎಲ್ಲ ಓದಿದೆ. ಡಾಕ್ಟರ್ ಹೇಳಿದ್ದನ್ನೂ ಓದಿದೆ. ಮಗುವಿಗೆ ತಾಯಿ ಬೇಕು ಅನ್ನುವ ನನ್ನ ಮನಸ್ಸು ಇನ್ನೂ ಪೂರ್ತಿ ತಿರುಗಿಲ್ಲ, ಸುಳ್ಳು ಹೇಳಲಾರೆ. ಆದರೆ ಆಸ್ಪತ್ರೆಯ ಸಹಿ ವಿಷಯದಲ್ಲಿ ನೀವು ಹೇಳುವುದು ನ್ಯಾಯ. ಸಾಕಿದವನಿಗೆ ಸಹಿ ಇಲ್ಲ ಅಂದರೆ ಹೇಗೆ? ನಮ್ಮ ಕಡೆ ಶಾಸಕರಿಗೆ, ಸಂಸದರಿಗೆ ಪತ್ರ ಬರೆದರೆ ಪ್ರಯೋಜನ ಇದೆಯಾ? ಆ ಒಂದು ವಿಷಯಕ್ಕೆ ನಾನೂ ಸಹಿ ಹಾಕುತ್ತೇನೆ.

ಕಪ್ಪು ಕೋಟು:

ಪ್ರಯೋಜನ ಇದೆ ಸರ್. ದತ್ತು, ಪೋಷಕತ್ವ ಎರಡೂ ಕೇಂದ್ರದ ಕಾಯ್ದೆಗಳು, ಹಾಗಾಗಿ ಸಂಸದರಿಗೆ ಬರೆಯಿರಿ. ಮಹಿಳಾ ಮತ್ತು ಮಕ್ಕಳ ಸಚಿವಾಲಯಕ್ಕೆ ಒಂದು ಪ್ರತಿ. ಕೇಳಬೇಕಾದ್ದು ಎರಡು: 5(3)ನೇ ನಿಯಮದಿಂದ ದಾಂಪತ್ಯದ ಷರತ್ತು ತೆಗೆಯಲಿ, ಮಗುವನ್ನು ಜೊತೆಯಲ್ಲಿ ಸಾಕುತ್ತಿರುವ ಎರಡನೇ ವ್ಯಕ್ತಿಗೆ ಪೋಷಕತ್ವ ಕೊಡುವ ದಾರಿ ಮಾಡಲಿ. ನಿಮ್ಮ ಮಾತಿನಲ್ಲೇ ಬರೆಯಿರಿ, ಅಚ್ಚು ಹಾಕಿದ ಪತ್ರಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಮಲೆನಾಡ ಅಪ್ಪ:

ಬಯಲುಸೀಮೆಯವರೇ, ಥ್ಯಾಂಕ್ಸ್. ಒಪ್ಪದೆ ಇದ್ದೂ ಜೊತೆಗೆ ನಿಂತಿರಿ, ಅದು ದೊಡ್ಡದು.

ವಕೀಲ ಮೇಡಂ ಹೇಳಿದ ಮೇಲೆ ವಿಲ್ ಕರಡು ಬರೆಸಲು ಕೊಟ್ಟಿದ್ದೇವೆ, ಇಬ್ಬರದೂ. ಆಸ್ಪತ್ರೆ ಮತ್ತು ಶಾಲೆಗೆ ಅಧಿಕಾರ ಪತ್ರವೂ ಆಗುತ್ತಿದೆ. ನೋಟರಿ ಆದ ಮೇಲೆ ಹೆಸರು ತೆಗೆದು ಅದರ ನಮೂನೆ ಇಲ್ಲಿ ಹಾಕುತ್ತೇನೆ, ಬೇಕಾದವರು ನಿಮ್ಮ ವಕೀಲರಿಗೆ ತೋರಿಸಿ ಬಳಸಿ.

ಕಡಲತಡಿ:

ನಮೂನೆ ಹಾಕಿದಾಗ ನನ್ನನ್ನು ಟ್ಯಾಗ್ ಮಾಡಿ. ನಮ್ಮ ಊರಿನ ವಕೀಲರಿಗೆ ಇಂಥದ್ದು ಮಾಡಿ ಅಭ್ಯಾಸ ಇಲ್ಲ, ಕೈಯಲ್ಲಿ ಒಂದು ಕಾಗದ ಇದ್ದರೆ ಮಾತು ಶುರು ಮಾಡಲು ಸುಲಭ.